ಹೊಗೆ ದಿನಗಳಿಗೆ ಒಂದು ಕೋಣೆ, ಒಂದು ಹಾಲ್: ಮುಂಬೈ, ಪುಣೆ, ಗೋವಾದ ನಮ್ಮವರಿಗೆ

ಮಳೆ ನಿಂತು, ದೀಪಾವಳಿ ಸಾಮಾನು ಅಂಗಡಿಗೆ ಬರುವ ಹೊತ್ತಿಗೆ ನನಗೆ ಫೋನ್ ಶುರುವಾಗುತ್ತದೆ. "ಯಾವ ಏರ್ ಪ್ಯೂರಿಫೈಯರ್ ತಗೊಳ್ಳಲಿ?" ಡೊಂಬಿವಲಿಯವರು ಕೇಳುತ್ತಾರೆ, ಚೆಂಬೂರಿನವರು ಕೇಳುತ್ತಾರೆ. ಪುಣೆಯವರು ಫೆಬ್ರವರಿಯಲ್ಲಿ ಟೇಕಡಿಯ, ಅಂದರೆ ಗುಡ್ಡದ, ಒಣಹುಲ್ಲಿಗೆ ಬೆಂಕಿ ಬಿದ್ದ ಮೇಲೆ ಕೇಳುತ್ತಾರೆ. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಗಂಟಲು ಒಣಗಿದೆ, ಅದಕ್ಕೇ ಒಂದೇ ಸಲ ಕೂತು ಬರೆಯುತ್ತಿದ್ದೇನೆ.

ಯಾವ ಕಂಪನಿ ಎನ್ನುವುದು ಕೊನೆಯ ಪ್ರಶ್ನೆ. ಮನೆ ಪೂರ್ತಿ ಗಾಳಿ ಚೊಕ್ಕ ಮಾಡುವ ಆಸೆಯನ್ನು ಮೊದಲು ಬಿಡಿ, ಅದು ಆಗದ ಕೆಲಸ. ಮನೆಯಲ್ಲಿ ಒಂದು ಕೋಣೆ, ಬಿಲ್ಡಿಂಗಿನಲ್ಲಿ ಒಂದು ಹಾಲ್. ಅಷ್ಟನ್ನು ಹೊಗೆ ಬರುವ ಮೊದಲೇ ಸಿದ್ಧ ಮಾಡಿಟ್ಟುಕೊಂಡರೆ ಅಜ್ಜ, ಅಜ್ಜಿ, ದಮ್ಮಿನ ಮಗು, ಬಸುರಿ ಎಲ್ಲರಿಗೂ ಉಸಿರಾಡಲು ಒಂದು ಜಾಗ ಇರುತ್ತದೆ.

"ಕಾಡ್ಗಿಚ್ಚು ಅಮೆರಿಕದ ಕಥೆ, ನಮಗೇನು?" ಅನ್ನುವವರಿಗೆ ಎರಡು ನೆನಪು. 2023ರ ಮಾರ್ಚ್‌ನಲ್ಲಿ ಗೋವಾದ ಮಹದಾಯಿ ಅಭಯಾರಣ್ಯದಲ್ಲಿ ಕಾಡು ದಿನಗಟ್ಟಲೆ ಹೊತ್ತಿ ಉರಿಯಿತು, ನೌಕಾಪಡೆ ಮತ್ತು ವಾಯುಪಡೆಯ ಹೆಲಿಕಾಪ್ಟರುಗಳು ನೀರು ಹೊತ್ತು ತಂದು ಸುರಿಯಬೇಕಾಯಿತು. 2016ರ ಜನವರಿ ಕೊನೆಯಲ್ಲಿ ಮುಂಬೈಯ ದೇವನಾರ್ ಕಸದ ಗುಡ್ಡಕ್ಕೆ ಬೆಂಕಿ ಬಿದ್ದಾಗ ಸುತ್ತಲಿನ ಶಾಲೆಗಳನ್ನು ಮುಚ್ಚಿದರು, ಆ ಹೊಗೆ ಉಪಗ್ರಹದ ಚಿತ್ರದಲ್ಲೂ ಕಂಡಿತು. ಇದರ ಮೇಲೆ ಪ್ರತಿ ಚಳಿಗಾಲದ ಮಾಮೂಲಿ ಮಬ್ಬು ಬೇರೆ. ಹೊಗೆ ಕಾಡಿನದೋ ಕಸದ್ದೋ, ಮನೆಯೊಳಗೆ ಮಾಡಬೇಕಾದ ಕೆಲಸ ಹೆಚ್ಚುಕಡಿಮೆ ಒಂದೇ. ಕಸದ ಹೊಗೆಯಲ್ಲಿ ಪ್ಲಾಸ್ಟಿಕ್ ಉರಿದ ಅನಿಲಗಳು ಜಾಸ್ತಿ, ಅದಕ್ಕೆ ಇನ್ನೊಂದು ಫಿಲ್ಟರ್ ಬೇಕು. ಅದನ್ನು ಮುಂದೆ ಹೇಳುತ್ತೇನೆ.

ಬೇಕಾಗುವ ಸಾಮಾನು: ಫೋಮ್ ಟೇಪ್, ಅಗಲದ ಮಾಸ್ಕಿಂಗ್ ಟೇಪ್, ಎರಡು ಹಳೇ ಟವೆಲ್, ಎನ್95 ಮಾಸ್ಕ್, ಒಂದು ಪ್ಯೂರಿಫೈಯರ್ ಅಥವಾ ನಾವೇ ಕಟ್ಟಿದ ಫಿಲ್ಟರ್ ಡಬ್ಬ. ಸಾಧ್ಯವಾದರೆ ಗಾಳಿಯ ಸಣ್ಣ ಕಣವನ್ನು, ಅಂದರೆ ಪಿಎಂ 2.5 ಅನ್ನು, ಅಳೆಯುವ ಒಂದು ಚಿಕ್ಕ ಮೀಟರ್. ಮೀಟರ್ ಮನೆಗೊಂದು ಬೇಡ, ಬಿಲ್ಡಿಂಗಿಗೆ ಒಂದಿದ್ದರೆ ಸಾಕು.

1. ಮೊದಲು ಸಂಖ್ಯೆ ಓದುವುದನ್ನು ಕಲಿಯಿರಿ

ಪಿಎಂ 2.5 ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ನಮ್ಮ ತಲೆಗೂದಲಿನ ದಪ್ಪದ ಇಪ್ಪತ್ತೈದನೇ ಒಂದು ಪಾಲು ಅಂದುಕೊಳ್ಳಿ. ಇಷ್ಟು ಸಣ್ಣದಾದ್ದರಿಂದ ಮೂಗಿನಲ್ಲಿ ನಿಲ್ಲುವುದಿಲ್ಲ, ಶ್ವಾಸಕೋಶದ ತಳದವರೆಗೆ ಇಳಿಯುತ್ತದೆ. ನಮ್ಮ ದೇಶದ ಮಿತಿ ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಎಕ್ಯೂಐ ಅಂದರೆ ಇಂಥ ಹಲವು ಅಳತೆಗಳಲ್ಲಿ ಅತಿ ಕೆಟ್ಟದ್ದನ್ನು ಹಿಡಿದು ಕೊಡುವ ಒಂದು ಅಂಕ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಸಿಗುತ್ತದೆ. ಪುಣೆಯ ಐಐಟಿಎಂ ಎಂಬ ಹವಾಮಾನ ಸಂಶೋಧನಾ ಸಂಸ್ಥೆ ನಡೆಸುವ ಸಫರ್‌ನಲ್ಲೂ ಮುಂಬೈ, ಪುಣೆಯ ಅಂಕ ಸಿಗುತ್ತದೆ.

ಇಲ್ಲಿ ಜನ ಎರಡು ಕಡೆ ಎಡವುತ್ತಾರೆ. ಒಂದು, ಫೋನಿನ ಕೆಲವು ಆ್ಯಪ್‌ಗಳು ಅಮೆರಿಕದ ಅಳತೆಯಲ್ಲಿ ತೋರಿಸುತ್ತವೆ. ಪಿಎಂ 2.5 ಅರವತ್ತಿದ್ದರೆ ನಮ್ಮ ಲೆಕ್ಕದಲ್ಲಿ ಎಕ್ಯೂಐ 100, ಅಮೆರಿಕದ ಲೆಕ್ಕದಲ್ಲಿ ಅದೇ ಗಾಳಿ 150 ದಾಟುತ್ತದೆ. ಗಂಡ ಒಂದು ಆ್ಯಪ್, ಹೆಂಡತಿ ಇನ್ನೊಂದು ಆ್ಯಪ್ ಇಟ್ಟುಕೊಂಡು ಜಗಳ ಆಡಬೇಡಿ, ಇಬ್ಬರೂ ಎಕ್ಯೂಐ ಬಿಟ್ಟು ಪಿಎಂ 2.5ರ ಮೈಕ್ರೊಗ್ರಾಂ ಅಂಕವನ್ನೇ ನೋಡಿ. ಎರಡು, ಸರ್ಕಾರಿ ಎಕ್ಯೂಐ ಹಿಂದಿನ 24 ಗಂಟೆಯ ಸರಾಸರಿ. ಪಕ್ಕದ ಖಾಲಿ ಪ್ಲಾಟಿನಲ್ಲಿ ಈಗ ತಾನೇ ಕಸಕ್ಕೆ ಬೆಂಕಿ ಬಿದ್ದಿದ್ದರೆ ಅದು ಆ ಅಂಕದಲ್ಲಿ ಕಾಣಲು ಹೊತ್ತಾಗುತ್ತದೆ. ಮೂಗಿಗೆ ಹೊಗೆ ಬಡಿಯುತ್ತಿದೆ, ಆ್ಯಪ್ ಹಸಿರು ತೋರಿಸುತ್ತಿದೆ ಅಂದರೆ ಮೂಗನ್ನೇ ನಂಬಿ.

ನಾನಿಟ್ಟುಕೊಂಡ ಲೆಕ್ಕ ಹೀಗಿದೆ. ಪಿಎಂ 2.5ರ ಅಂಕ 30ರ ಒಳಗಿದ್ದರೆ ಎಲ್ಲ ಕಿಟಕಿ ತೆರೆದಿಡಿ. 60 ದಾಟಿದರೆ ವಯಸ್ಸಾದವರ, ದಮ್ಮಿನವರ ಕೋಣೆ ಮುಚ್ಚಿ. 90 ದಾಟಿದರೆ ಎಲ್ಲರೂ ಮುಚ್ಚಿ, ಯಂತ್ರ ಓಡಿಸಿ. 120 ದಾಟಿದರೆ ಸೊಸೈಟಿ ಹಾಲ್ ತೆರೆಯುವ ದಿನ. ಮೀಟರಿನ ಬಗ್ಗೆ ಒಂದು ಮಾತು: ಅಗ್ಗದ ಮೀಟರುಗಳು ತೇವ ಜಾಸ್ತಿ ಇದ್ದಾಗ ಅಂಕವನ್ನು ಹಿಗ್ಗಿಸಿ ತೋರಿಸುತ್ತವೆ, ನಮ್ಮ ಮುಂಬೈ ಹವೆಯಲ್ಲಂತೂ ಅದು ಸಹಜ. ಹೊರಗೆಷ್ಟು, ಒಳಗೆಷ್ಟು ಅಂತ ಹೋಲಿಸಿ ನೋಡಲು ಮಾತ್ರ ಬಳಸಿ.

2. ಕೋಣೆ ಆರಿಸಿ

ಮಲಗುವ ಕೋಣೆಯೇ ಒಳ್ಳೆಯದು, ದಿನಕ್ಕೆ ಏಳೆಂಟು ಗಂಟೆ ಅಲ್ಲೇ ಇರುತ್ತೇವೆ ಅಲ್ವಾ. ಕಿಟಕಿ ಕಡಿಮೆ ಇರುವುದು, ರಸ್ತೆಯಿಂದ ಆಚೆ ಇರುವುದು, ಅಡುಗೆಮನೆಗೆ ನೇರ ಬಾಗಿಲಿಲ್ಲದ್ದು ನೋಡಿ. ದೇವರ ಮಂಟಪ ಆ ಕೋಣೆಯಲ್ಲಿದ್ದರೆ ಬೇರೆ ಕೋಣೆ ನೋಡಿ. ಯಾಕೆಂದು ನಾಲ್ಕನೇ ಹಂತದಲ್ಲಿದೆ.

ಒನ್ ಆರ್‌ಕೆ ಮನೆ, ಚಾಳಿನ ಖೋಲಿ ಆದರೆ ಆರಿಸಲು ಏನಿದೆ? ಅಡುಗೆಯೂ ಅಲ್ಲೇ, ನಿದ್ದೆಯೂ ಅಲ್ಲೇ. ಅಲ್ಲಿ ಜಾಗದ ಬದಲು ಹೊತ್ತನ್ನು ಬೇರೆ ಮಾಡಿಕೊಳ್ಳಬೇಕು. ಅಡುಗೆ ಒಂದೇ ಸಲ ಮುಗಿಸಿ, ಆಮೇಲೆ ಗ್ಯಾಲರಿ ಕಡೆಯ ಬಾಗಿಲು ಮುಚ್ಚಿ ಯಂತ್ರ ಓಡಿಸಿ. ತಗಡಿನ ಮಾಡು ಇದ್ದರೆ ಸಂದಿ ಮುಚ್ಚಿ ಮುಗಿಯುವುದಿಲ್ಲ, ಅಂಥವರಿಗಾಗಿಯೇ ಏಳನೇ ಹಂತದ ಹಾಲ್.

3. ಸಂದಿ ಮುಚ್ಚಿ, ಆದರೆ ಎಲ್ಲವನ್ನೂ ಅಲ್ಲ

ನಮ್ಮ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಗಳು ಮುಚ್ಚಿದಾಗಲೂ ಅರ್ಧ ತೆರೆದ ಹಾಗೇ. ಎರಡು ಗಾಜು ಒಂದರ ಮೇಲೊಂದು ಬರುವ ನಡುಪಟ್ಟಿಯಲ್ಲಿ ಫೋಮ್ ಟೇಪ್ ಅಂಟಿಸಿ. ಕೆಳಗಿನ ಹಳಿಯಲ್ಲಿ ಮಳೆನೀರು ಹೋಗಲು ತೂತುಗಳಿರುತ್ತವೆ, ಅವುಗಳ ಮೇಲೆ ಮಾಸ್ಕಿಂಗ್ ಟೇಪ್ ಹಾಕಿ, ಜೂನ್‌ಗೆ ಮೊದಲು ನೆನಪಿಟ್ಟು ಕಿತ್ತುಹಾಕಿ. ಬಾಗಿಲ ಬುಡಕ್ಕೆ ಟವೆಲ್ ಸುರುಳಿ ಇಡಿ. ವಿಂಡೋ ಎಸಿ ಇದ್ದರೆ ಅದರಲ್ಲಿ ಹೊರಗಾಳಿಗೆ ಒಂದು ಚಿಕ್ಕ ಹಿಡಿ ಇರುತ್ತದೆ, ಅದು ಮುಚ್ಚಿದೆಯೇ ನೋಡಿ. ಸ್ಪ್ಲಿಟ್ ಎಸಿ ಹೊರಗಾಳಿ ತರುವುದಿಲ್ಲ, ಇದ್ದ ಗಾಳಿಯನ್ನೇ ತಿರುಗಿಸಿ ತಂಪು ಮಾಡುತ್ತದೆ. ಆದರೆ ಅದರ ಜಾಲರಿ ಧೂಳನ್ನಷ್ಟೇ ಹಿಡಿಯುತ್ತದೆ, ಹೊಗೆಯನ್ನಲ್ಲ. ಎಸಿ ಹಾಕಿದೆ, ಗಾಳಿ ಚೊಕ್ಕ ಆಯಿತು ಅಂದುಕೊಳ್ಳುವುದು ತುಂಬ ಮಾಮೂಲಿ ತಪ್ಪು.

ಈಗ ಈ ಲೇಖನದಲ್ಲಿ ಒಂದೇ ಒಂದು ಸಾಲು ನೆನಪಿಡುವುದಾದರೆ ಇದನ್ನಿಡಿ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಆ ಬಚ್ಚಲಿನ ಕಿಟಕಿ, ಗಾಜಿನ ಪಟ್ಟಿ, ಎಕ್ಸಾಸ್ಟ್ ತೂತು ಯಾವುದನ್ನೂ ಮುಚ್ಚಬೇಡಿ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಬಿದ್ದು ಸತ್ತದ್ದಿದೆ. ಯಾವ ಪ್ಯೂರಿಫೈಯರೂ ಅದನ್ನು ತೆಗೆಯುವುದಿಲ್ಲ. ಅಡುಗೆಮನೆಯ ಗಾಳಿದಾರಿಯೂ ಅಷ್ಟೇ, ಮುಚ್ಚಬೇಡಿ. ನಾವು ಮುಚ್ಚುತ್ತಿರುವುದು ಒಂದು ಕೋಣೆಯನ್ನು, ಮನೆಯನ್ನಲ್ಲ.

ಇನ್ನೊಂದು: ದಿನವಿಡೀ ಮುಚ್ಚಿಟ್ಟರೆ ಒಳಗಿನ ಗಾಳಿ ಹಳಸುತ್ತದೆ, ತಲೆ ಭಾರವಾಗುತ್ತದೆ. ಚಳಿಗಾಲದಲ್ಲಿ ರಾತ್ರಿ ಮತ್ತು ಬೆಳಗ್ಗೆ ತಂಪು ಗಾಳಿ ನೆಲಕ್ಕೆ ಅಂಟಿಕೊಂಡು, ಹೊಗೆಯ ಮೇಲೆ ಮುಚ್ಚಳ ಹಾಕಿದ ಹಾಗಿರುತ್ತದೆ. ಬಿಸಿಲೇರಿದ ಮೇಲೆ ಆ ಮುಚ್ಚಳ ಎದ್ದು, ಮುಂಬೈಯಲ್ಲಾದರೆ ಸಮುದ್ರದ ಗಾಳಿಯೂ ಸೇರಿ, ಮಧ್ಯಾಹ್ನ ಸ್ವಲ್ಪ ತಿಳಿಯಾಗುತ್ತದೆ. ಕಿಟಕಿ ತೆರೆಯುವ ಹೊತ್ತು ಅದು, ಒಂದರಿಂದ ನಾಲ್ಕರ ನಡುವೆ, ಅರ್ಧ ಗಂಟೆ. "ಬೆಳಗಿನ ಗಾಳಿ ಶುದ್ಧ" ಅಂತ ಐದೂವರೆಗೆ ಎದ್ದು ಎಲ್ಲ ಕಿಟಕಿ ತೆಗೆದು ವಾಕಿಂಗ್ ಹೊರಡುವ ಹಿರಿಯರಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸ. ನನ್ನ ಮಾವ ಇನ್ನೂ ಒಪ್ಪಿಲ್ಲ.

ಬೇಸಿಗೆಯ ಹೊಗೆ ಬೇರೆ ತರಹ. ಮಾರ್ಚ್, ಏಪ್ರಿಲ್‌ನಲ್ಲಿ ಗೋವಾದಲ್ಲೋ ಪುಣೆಯಲ್ಲೋ ಫ್ಯಾನೂ ಇಲ್ಲದೆ ಕೋಣೆ ಮುಚ್ಚಿ ಕೂತರೆ ಸೆಕೆಯೇ ಹೊಗೆಗಿಂತ ಮೊದಲು ಕೊಲ್ಲುತ್ತದೆ. ಕೋಣೆ ತಡೆಯಲಾರದಷ್ಟು ಕಾದರೆ ಕಿಟಕಿ ತೆರೆಯಿರಿ, ಅಥವಾ ಎಸಿ ಇರುವ ಕಡೆ ಹೋಗಿ.

4. ಒಳಗಿನ ಹೊಗೆ ನಿಲ್ಲಿಸಿ

ಇದಕ್ಕೆ ದುಡ್ಡು ಬೇಡ. ಹಾಗಾಗಿಯೇ ಏನೋ, ಯಾರೂ ಮಾಡುವುದಿಲ್ಲ.

ಸೊಳ್ಳೆ ಕಾಯಿಲ್ ಮೊದಲು ಎಸೆಯಿರಿ. ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಪಿಎಂ 2.5 ಬಿಡುತ್ತದೆ ಎಂದು 2003ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಕಿಟಕಿ ಮುಚ್ಚಿ, ಮಗುವನ್ನು ಮಲಗಿಸಿ, ಮಂಚದಡಿ ಕಾಯಿಲ್ ಹಚ್ಚಿಡುವ ಮನೆಗಳನ್ನು ನೋಡಿದ್ದೇನೆ. ಸೊಳ್ಳೆಪರದೆ ಕಟ್ಟಿ, ಅದು ನಮ್ಮ ಅಜ್ಜಿ ಕಾಲದಿಂದ ಕೆಲಸ ಮಾಡುತ್ತಿದೆ.

ಊದುಬತ್ತಿ, ಧೂಪ, ಸಾಂಬ್ರಾಣಿ. ಇಲ್ಲಿ ಬೈಗುಳ ಬೀಳುತ್ತದೆ ಎಂದು ಗೊತ್ತು. ಪೂಜೆ ಬಿಡಿ ಅನ್ನುತ್ತಿಲ್ಲ. ಹೊಗೆ ದಿನಗಳಲ್ಲಿ ಎಣ್ಣೆಯ ಚಿಕ್ಕ ದೀಪ ಹಚ್ಚಿ, ಹೂವಿಡಿ, ಧೂಪವನ್ನು ಗಾಳಿ ತಿಳಿಯಾದ ದಿನಕ್ಕೆ ಇಟ್ಟುಕೊಳ್ಳಿ. ಶುಕ್ರವಾರ ಸಂಜೆ ಮನೆಯೆಲ್ಲ ಸಾಂಬ್ರಾಣಿ ಹಾಕುವವರು ಒಮ್ಮೆ ಮೀಟರನ್ನು ಪಕ್ಕದಲ್ಲಿಟ್ಟು ನೋಡಿ, ನನ್ನ ಮಾತು ಬೇಡ.

ಅಡುಗೆ: ಬಂಗುಡೆ ಕರಿಯುವುದು, ಒಣಮೆಣಸಿನ ಒಗ್ಗರಣೆ, ಹೊಗೆ ಏಳುವಷ್ಟು ಕಾದ ಕಾವಲಿ, ಇವೆಲ್ಲ ಒಳಗಿನ ಅಂಕವನ್ನು ಕ್ಷಣದಲ್ಲಿ ಮೇಲಕ್ಕೇರಿಸುತ್ತವೆ. ಆ ದಿನಗಳಲ್ಲಿ ಗಂಜಿ, ಇಡ್ಲಿ, ಕುಕ್ಕರಿನ ಅಡುಗೆ ಮಾಡಿ. ಚಿಮಣಿಯ ಪೈಪು ಹೊರಗೆ ಹೋಗುತ್ತಿದೆಯೇ ನೋಡಿ. ಪೈಪಿಲ್ಲದ ಚಿಮಣಿ ಎಣ್ಣೆಯ ಜಿಡ್ಡು ಹಿಡಿದು ಗಾಳಿಯನ್ನು ಮತ್ತೆ ಅಡುಗೆಮನೆಗೇ ಬಿಡುತ್ತದೆ. ಕಸ ಗುಡಿಸುವಾಗ ಹಿಡಿಸೂಡಿ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಮನೆಯೊಳಗೆ ಸಿಗರೇಟಿನ ಬಗ್ಗೆ ಹೇಳಬೇಕಾಗಿಲ್ಲ.

ಮನೆಯೊಳಗೆ ನಾಲ್ಕು ಕುಂಡ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಅನ್ನುವುದನ್ನು ನಂಬಬೇಡಿ. ಗಿಡ ಚೆನ್ನಾಗಿ ಕಾಣುತ್ತದೆ, ಅಷ್ಟೇ.

5. ಯಂತ್ರ ಕೊಳ್ಳುವುದಾದರೆ

ಎರಡು ಪದ ತಿಳಿದಿರಲಿ. ಹೆಪಾ ಅಂದರೆ ಮಡಿಸಿದ ಕಾಗದದಂತೆ ಕಾಣುವ ದಟ್ಟ ನಾರಿನ ಫಿಲ್ಟರ್. ಒಳ್ಳೆಯ ಹೆಪಾ 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.9ಕ್ಕಿಂತ ಜಾಸ್ತಿ ಹಿಡಿಯುತ್ತದೆ. ಸಿಎಡಿಆರ್ ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಚೊಕ್ಕ ಗಾಳಿ ಕೊಡುತ್ತದೆ ಎನ್ನುವ ಅಂಕ. ಅಂಗಡಿಯವನು "ಐನೂರು ಚದರಡಿಗೆ ಆಗುತ್ತೆ ಸಾರ್" ಅಂದರೆ ತಲೆಯಾಡಿಸಿ, ಡಬ್ಬದ ಮೇಲೆ ಸಿಎಡಿಆರ್ ಹುಡುಕಿ.

ಲೆಕ್ಕ ಸುಲಭ. ಕೋಣೆಯ ಉದ್ದ, ಅಗಲ, ಎತ್ತರ ಗುಣಿಸಿ. ಹತ್ತು ಅಡಿಗೆ ಹನ್ನೆರಡು ಅಡಿ, ಎತ್ತರ ಒಂಬತ್ತೂವರೆ ಅಂದರೆ 1140 ಘನ ಅಡಿ, ಅಂದರೆ ಸುಮಾರು 32 ಘನ ಮೀಟರ್. ಗಂಟೆಗೆ ಐದು ಸಲ ಆ ಗಾಳಿಯೆಲ್ಲ ಫಿಲ್ಟರಿನಲ್ಲಿ ಹಾದುಹೋಗಬೇಕು, 32 ಗುಣಿಸು 5, ಅಂದರೆ 160. ಹೊಗೆ ದಟ್ಟವಾದ ದಿನಕ್ಕೆ ಕೈಯಲ್ಲಿ ಸ್ವಲ್ಪ ಇರಲಿ ಎಂದು 200 ಇಟ್ಟುಕೊಳ್ಳಿ. ಈ ಅಂಕ ಫ್ಯಾನಿನ ಅತಿ ಜೋರಿನದು, "ಸ್ಲೀಪ್" ಗುಂಡಿ ಒತ್ತಿದರೆ ಅದು ತುಂಬ ಇಳಿಯುತ್ತದೆ. ಅದಕ್ಕೇ ಮಲಗುವ ಒಂದು ಗಂಟೆ ಮೊದಲು ಜೋರಾಗಿ ಓಡಿಸಿ, ಆಮೇಲೆ ನಿಧಾನಕ್ಕೆ ಇಳಿಸಿ.

ಕಸದ ಹೊಗೆ ಬರುವ ಕಡೆ ಇದ್ದೀರಾದರೆ ಹೆಪಾ ಜೊತೆ ಇದ್ದಿಲಿನ ಫಿಲ್ಟರ್, ಅಂದರೆ ಆ್ಯಕ್ಟಿವೇಟೆಡ್ ಕಾರ್ಬನ್ ಕೂಡ ಇರಲಿ, ಅದೂ ತೆಳ್ಳನೆ ಕಪ್ಪು ಜಾಲರಿ ಅಲ್ಲ, ಕಾಳುಗಳು ತುಂಬಿದ್ದು. ಹೆಪಾ ಕಣ ಹಿಡಿಯುತ್ತದೆ, ಅನಿಲವನ್ನೂ ವಾಸನೆಯನ್ನೂ ಹಿಡಿಯುವುದಿಲ್ಲ. ಓಜೋನ್ ಬಿಡುವ ಯಂತ್ರವನ್ನು ಯಾರಾದರೂ ಉಚಿತವಾಗಿ ಕೊಟ್ಟರೂ ತರಬೇಡಿ, ಓಜೋನ್ ಎದೆಗೆ ಕೆಟ್ಟದ್ದು.

ತಂದ ಮೇಲೆ ಆಗುವ ತಪ್ಪುಗಳು: ಸೋಫಾದ ಹಿಂದೆ ಇಡುವುದು, ಕಿಟಕಿ ತೆಗೆದೇ ಓಡಿಸುವುದು (ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ), ಹೆಪಾವನ್ನು ನೀರಲ್ಲಿ ತೊಳೆಯುವುದು. ತೊಳೆಯಬಹುದಾದ್ದು ಹೊರಗಿನ ಜಾಲರಿ ಮಾತ್ರ. ಹೊಸ ಫಿಲ್ಟರ್ ಪ್ಲಾಸ್ಟಿಕ್ ಹೊದಿಕೆಯೊಳಗೆ ಬರುತ್ತದೆ, ಅದನ್ನು ಬಿಚ್ಚದೆ ಹಾಗೇ ಕೂರಿಸಿದರೆ ಯಂತ್ರ ಸುಮ್ನೆ ಗುಯ್‌ಗುಡುತ್ತದೆ. ನಾನು ಹನ್ನೆರಡು ದಿನ ಹಾಗೆ ಓಡಿಸಿ, "ಏನೂ ಪ್ರಯೋಜನ ಇಲ್ಲ ಕಣ್ರೀ" ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದೆ.

6. ನಾವೇ ಕಟ್ಟುವ ಡಬ್ಬ

ಸೊಸೈಟಿ ಹಾಲಿಗೆ ಇದು ಬೇಕಾಗುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 2020ರಲ್ಲಿ ಕೊರೊನಾ ಕಾಲದಲ್ಲಿ ರಿಚರ್ಡ್ ಕೋರ್ಸಿ, ಜಿಮ್ ರೋಸೆಂಥಾಲ್ ಎಂಬ ಇಬ್ಬರು ಅಮೆರಿಕದಲ್ಲಿ ಇದನ್ನು ಹುಟ್ಟುಹಾಕಿದರು, ಕೋರ್ಸಿ ರೋಸೆಂಥಾಲ್ ಡಬ್ಬ ಎಂದೇ ಹೆಸರು. ಅಲ್ಲಿ ಚೌಕಾಕಾರದ ಬಾಕ್ಸ್ ಫ್ಯಾನನ್ನು ಡಬ್ಬದ ತಲೆಯ ಮೇಲೆ ಮಲಗಿಸುತ್ತಾರೆ. ನಮ್ಮಲ್ಲಿ ಆ ಫ್ಯಾನ್ ಅಂಗಡಿಯಲ್ಲಿ ಸಿಗುವುದು ಅಪರೂಪ, ಹಾಗಾಗಿ ಗೋಡೆಗೆ ಹಾಕುವ ಹನ್ನೆರಡು ಇಂಚಿನ ಲೋಹದ ಎಕ್ಸಾಸ್ಟ್ ಫ್ಯಾನ್ ಬಳಸಿ. ಫಿಲ್ಟರಿನ ತಡೆಯ ಎದುರು ಗಾಳಿ ಎಳೆಯಲು ಅದು ಟೇಬಲ್ ಫ್ಯಾನಿಗಿಂತ ಗಟ್ಟಿ.

ಫಿಲ್ಟರ್ ನಾಲ್ಕು ಬೇಕು, ಇಪ್ಪತ್ತು ಇಂಚಿಗೆ ಇಪ್ಪತ್ತು ಇಂಚಿನವು. ದೊಡ್ಡ ಎಸಿಗಳಿಗೆ ಫಿಲ್ಟರ್ ಮಾರುವವರ ಹತ್ತಿರ ಮರ್ವ್ 13 ಅಥವಾ ಎಫ್7 ಎಂದು ಕೇಳಿ. ಎರಡೂ ಹೆಚ್ಚುಕಡಿಮೆ ಒಂದೇ ದರ್ಜೆ, ಒಂದು ಅಮೆರಿಕದ ಅಳತೆ, ಇನ್ನೊಂದು ಯುರೋಪಿನದು. ಇವು ಹೆಪಾದಷ್ಟು ದಟ್ಟವಲ್ಲ. ಆದರೆ ಗಾಳಿ ಜಾಸ್ತಿ ಹಾದುಹೋಗುತ್ತದೆ, ಒಂದೇ ಗಾಳಿ ಮತ್ತೆ ಮತ್ತೆ ಸುತ್ತುತ್ತದೆ, ಹಾಗಾಗಿ ಕೋಣೆ ಚೊಕ್ಕವಾಗುತ್ತದೆ. ಚಹಾ ಒಂದೇ ಸಲ ಸಣ್ಣ ಬಟ್ಟೆಯಲ್ಲಿ ಸೋಸುವ ಬದಲು ಜರಡಿಯಲ್ಲಿ ಐದಾರು ಸಲ ಸೋಸಿದ ಹಾಗೆ ಅಂದುಕೊಳ್ಳಿ.

ಕಟ್ಟುವ ಕ್ರಮ. ಎಡ, ಬಲ, ಹಿಂದೆ, ಮೇಲೆ, ಹೀಗೆ ನಾಲ್ಕು ಕಡೆ ಫಿಲ್ಟರ್. ಕೆಳಗೆ ಪ್ಲೈವುಡ್ ಹಲಗೆ. ಎದುರಿಗೆ ಇನ್ನೊಂದು ಹಲಗೆ, ಅದರಲ್ಲಿ ಫ್ಯಾನಿನ ಅಳತೆಗೆ ದುಂಡಗೆ ಕೊರೆದ ತೂತು, ಅಲ್ಲಿ ಫ್ಯಾನನ್ನು ಗಾಳಿ ಹೊರಗೆ ಬೀಸುವಂತೆ ಸ್ಕ್ರೂ ಹಾಕಿ ಕೂರಿಸಿ. ಪ್ರತಿ ಫಿಲ್ಟರಿನ ಅಂಚಿನಲ್ಲಿ ಬಾಣದ ಗುರುತಿರುತ್ತದೆ, ನಾಲ್ಕೂ ಬಾಣ ಡಬ್ಬದ ಒಳಗೆ ತೋರಿಸಬೇಕು. ಇಲ್ಲೇ ಜನ ತಪ್ಪುವುದು, ಒಂದು ಉಲ್ಟಾ ಇರುತ್ತದೆ. ಅಂಚುಗಳಿಗೆಲ್ಲ ಅಗಲದ ಟೇಪ್ ಸುತ್ತಿ. ಆಮೇಲೆ ಫ್ಯಾನ್ ಹಚ್ಚಿ, ತೆಳ್ಳನೆ ಟಿಶ್ಯೂ ಚೂರೊಂದನ್ನು ಎಲ್ಲ ಮೂಲೆಗೂ ಹಿಡಿದು ನೋಡಿ. ಮೂಲೆಯ ಸಂದಿಗೆ ಟಿಶ್ಯೂ ಅಂಟಿಕೊಂಡರೆ ಅಲ್ಲಿ ಕಳ್ಳಗಾಳಿ ಒಳಗೆ ಹೋಗುತ್ತಿದೆ, ಇನ್ನೊಂದು ಸುತ್ತು ಟೇಪ್ ಹಾಕಿ.

ಕರೆಂಟಿನ ವಿಷಯದಲ್ಲಿ ಹುಡುಗಾಟ ಬೇಡ. ಎಕ್ಸಾಸ್ಟ್ ಫ್ಯಾನಿಗೆ ಪ್ಲಗ್ ಬಂದಿರುವುದಿಲ್ಲ, ಬಿಲ್ಡಿಂಗಿನ ಎಲೆಕ್ಟ್ರಿಷಿಯನ್ ಹತ್ತಿರ ಮೂರು ಪಿನ್ನಿನ ಪ್ಲಗ್, ಅರ್ಥಿಂಗ್ ಸಮೇತ ಹಾಕಿಸಿ. ರೆಕ್ಕೆಗೆ ಹೊರಗಡೆಯಿಂದ ಜಾಲಿ ಬೇಕೇಬೇಕು, ಮಕ್ಕಳ ಬೆರಳು ಎಲ್ಲಿ ಹೋಗುತ್ತದೆಂದು ಹೇಳಲಾಗದು. ಮೊದಲ ಎರಡು ಮೂರು ದಿನ ಯಾರಾದರೂ ಎದುರಿಗಿದ್ದಾಗ ಮಾತ್ರ ಓಡಿಸಿ, ಮೋಟಾರು ಮುಟ್ಟಲಾರದಷ್ಟು ಬಿಸಿಯಾಗುತ್ತದೆಯೇ ನೋಡಿ. ಅಟ್ಟದ ಮೇಲಿನ ಹಳೇ ಫ್ಯಾನ್ ಇದಕ್ಕೆ ಬಳಸಬೇಡಿ. ಸದ್ದು ಜಾಸ್ತಿ ಇರುತ್ತದೆ, ಮಲಗುವ ಕೋಣೆಗೆ ಒಗ್ಗುವುದಿಲ್ಲ, ಹಾಲಿಗೆ ಸರಿ.

7. ಸೊಸೈಟಿ ಹಾಲ್

ಗಣಪತಿ ಕೂರಿಸುವ ಹಾಲ್, ಮಕ್ಕಳ ಬರ್ತ್‌ಡೇ ಹಾಲ್, ಅದೇ. ಸಂಘದ ಕಚೇರಿಯ ದೊಡ್ಡ ಕೋಣೆಯೂ ಆದೀತು. ಕಮಿಟಿ ಮೀಟಿಂಗಿನಲ್ಲಿ ಇದನ್ನು ಸೆಪ್ಟೆಂಬರ್‌ನಲ್ಲೇ ಎತ್ತಿ, ಹೊಗೆ ಬಂದ ದಿನ ಎತ್ತಿದರೆ ಸೆಕ್ರೆಟರಿ "ನೆಕ್ಸ್ಟ್ ಮೀಟಿಂಗ್‌ನಲ್ಲಿ ನೋಡೋಣ" ಅನ್ನುತ್ತಾರೆ, ಅಷ್ಟರಲ್ಲಿ ಹೋಳಿ ಬಂದಿರುತ್ತದೆ.

ಲೆಕ್ಕ ಅದೇ. ಇಪ್ಪತ್ತು ಅಡಿಗೆ ಮೂವತ್ತು, ಎತ್ತರ ಹತ್ತು ಅಂದರೆ 6000 ಘನ ಅಡಿ, ಸುಮಾರು 170 ಘನ ಮೀಟರ್. ಐದರಿಂದ ಗುಣಿಸಿದರೆ 850. ಸಿಎಡಿಆರ್ ಮುನ್ನೂರರ ಪ್ಯೂರಿಫೈಯರ್ ಮೂರು, ಅಥವಾ ಮನೆಗಳಿಂದ ತಂದ ಒಂದೆರಡರ ಜೊತೆ ನಾವು ಕಟ್ಟಿದ ಡಬ್ಬ. ಅವನ್ನು ಒಂದೇ ಮೂಲೆಯಲ್ಲಿ ಗುಡ್ಡೆ ಹಾಕಬೇಡಿ, ಬೇರೆ ಬೇರೆ ಗೋಡೆಗೆ ಇಡಿ. ಮೀಟರನ್ನು ಹಾಲಿನ ನಡುವೆ, ಕೂತವರ ಮೂಗಿನ ಎತ್ತರಕ್ಕೆ ಇಟ್ಟು ಅರ್ಧ ಗಂಟೆ ನೋಡಿ. ಹೊರಗಿನ ಅಂಕದ ಅರ್ಧಕ್ಕೂ ಇಳಿಯದಿದ್ದರೆ ಎಲ್ಲೋ ಬಾಗಿಲು ತೆರೆದಿದೆ ಅಥವಾ ಯಂತ್ರ ಸಾಲದು.

ಯಾರಿಗೆ ಮೊದಲ ಜಾಗ? ಆರುವತ್ತೈದು ದಾಟಿದವರು, ದಮ್ಮು, ಹೃದಯದ ತೊಂದರೆ ಇರುವವರು, ಬಸುರಿಯರು, ಹಸುಗೂಸುಗಳು. ಇವರ ಪಟ್ಟಿ ಫ್ಲ್ಯಾಟ್ ನಂಬರ್ ಸಮೇತ ಮೊದಲೇ ಇರಲಿ, ಅದು ಒಬ್ಬರ ಹತ್ತಿರ ಮಾತ್ರ ಇರಲಿ, ಯಾರಿಗೆ ಯಾವ ಕಾಯಿಲೆ ಎಂದು ನೋಟಿಸ್ ಬೋರ್ಡಿಗೆ ಹಚ್ಚಬೇಡಿ. ಒಂಟಿಯಾಗಿರುವ ಅಜ್ಜಿಗೆ ಮೇಲೆ ಹೋಗಿ "ಬನ್ನಿ ಅಜ್ಜಿ, ಕೆಳಗೆ ಕೂತು ಮಾತಾಡೋಣ" ಎಂದು ಕರೆತರಲು ಒಬ್ಬರನ್ನು ಗೊತ್ತುಮಾಡಿ, ಮೆಸೇಜ್ ನೋಡಿ ತಾವಾಗಿ ಇಳಿದು ಬರುವವರು ಕಡಿಮೆ.

ಮತ್ತೆ ವಾಚ್‌ಮನ್, ಕಸ ಗುಡಿಸುವ ಮಾವಶಿ, ಮನೆಗೆಲಸದವರು. ದಿನವಿಡೀ ಗೇಟಿನಲ್ಲಿ ಹೊಗೆ ಕುಡಿಯುವವರು ಅವರೇ. ಪಾಳಿಯ ಮೇಲೆ ಒಂದೊಂದು ಗಂಟೆ ಒಳಗೆ ಕೂರಲಿ. ಇದಕ್ಕೆ ಮೀಟಿಂಗಿನಲ್ಲಿ ಮೂಗು ಮುರಿಯುವವರಿರುತ್ತಾರೆ, ಮುರಿಯಲಿ.

ಜನ ತುಂಬಿಸಬೇಡಿ. ಕಣ ಹಿಡಿಯುವ ಯಂತ್ರ ಜನರ ಉಸಿರಿನ ಇಂಗಾಲದ ಡೈಆಕ್ಸೈಡನ್ನು ತೆಗೆಯುವುದಿಲ್ಲ. ಹೇಳಿದ ಅಳತೆಯ ಹಾಲಿಗೆ ಹದಿನೈದಿಪ್ಪತ್ತು ಜನ ಸಾಕು. ಹೊಗೆ ಬರುವ ದಿಕ್ಕಿಗೆ ಬೆನ್ನು ಮಾಡಿರುವ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಡಿ. ಹಾಲಿನಲ್ಲಿ ಆರತಿ ಬೇಡ, ಗ್ಯಾಸ್ ಮೇಲೆ ಚಹಾ ಬೇಡ, ಫ್ಲಾಸ್ಕಿನಲ್ಲಿ ತನ್ನಿ.

8. ಗೇಟಿನ ಹೊರಗಿನ ಬೆಂಕಿ

ಚಳಿಯಲ್ಲಿ ವಾಚ್‌ಮನ್ ಹಾಕುವ ಶೇಕೋಟಿ, ಅಂದರೆ ಮೈ ಕಾಯಿಸುವ ಬೆಂಕಿ, ಎರಡನೇ ಮಹಡಿಯ ಕಿಟಕಿಗೆ ನೇರ ಬರುತ್ತದೆ. ಅವನನ್ನು ಬೈಯುವ ಮೊದಲು ಒಂದು ಒಳ್ಳೆ ಸ್ವೆಟರ್, ಕಂಬಳಿ, ಕ್ಯಾಬಿನ್ನಿಗೆ ಬಾಗಿಲು ಕೊಡಿ. ಒಣಗಿದ ಎಲೆಯನ್ನು ಗುಡಿಸಿ ಸುಡುವ ಬದಲು ಹಿತ್ತಲಿನ ಮೂಲೆಯಲ್ಲಿ ಜಾಲಿ ಕಟ್ಟಿ ಗೊಬ್ಬರಕ್ಕೆ ಹಾಕಿ.

ಬಯಲಿನಲ್ಲಿ ಕಸ ಸುಡುವುದು 2016ರ ಘನತ್ಯಾಜ್ಯ ನಿಯಮಗಳಿಂದ ನಿಷಿದ್ಧವಾಯಿತು. ಅದೇ ವರ್ಷ ಹಸಿರು ನ್ಯಾಯಮಂಡಳಿ ಐದು ಸಾವಿರ ರೂಪಾಯಿ, ದೊಡ್ಡ ಪ್ರಮಾಣದ್ದಾದರೆ ಇಪ್ಪತ್ತೈದು ಸಾವಿರ ದಂಡ ಎಂದೂ ಹೇಳಿತು. ಮುಂಬೈ ಪಾಲಿಕೆಗೆ ದೂರು ಕೊಡುವ ನಂಬರ್ 1916. ಮಹಾರಾಷ್ಟ್ರದಲ್ಲಿ ಕಾಡಿನ ಅಥವಾ ಟೇಕಡಿಯ ಬೆಂಕಿಗೆ ಅರಣ್ಯ ಇಲಾಖೆಯ ನಂಬರ್ 1926. ಬೆಂಕಿ ದೊಡ್ಡದಾಗಿದ್ದರೆ 101. ಕರೆ ಮಾಡುವಾಗ ಹತ್ತಿರದ ಗುರುತು, ಹೊತ್ತು ಹೇಳಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬೆಂಕಿ ಎಲ್ಲಿದೆ ಎಂದು ನೋಡಲು ನಾಸಾದ ಫರ್ಮ್ಸ್ ನಕ್ಷೆ ಉಚಿತವಾಗಿ ಸಿಗುತ್ತದೆ, ಗೋವಾದವರಿಗೆ ಬೇಸಿಗೆಯಲ್ಲಿ ಅದು ತುಂಬ ಉಪಯೋಗ.

9. ಮಾಸ್ಕ್, ಮದ್ದು

ಹೊರಗೆ ಹೋಗಲೇಬೇಕಾದರೆ ಎನ್95. ಬಟ್ಟೆಯ ಮಾಸ್ಕ್, ಒದ್ದೆ ಕರ್ಚೀಫು, ದುಪಟ್ಟಾ ಇವೆಲ್ಲ ಹೊಗೆಯ ಸಣ್ಣ ಕಣಕ್ಕೆ ತೆರೆದ ಬಾಗಿಲು. ತಲೆಯ ಹಿಂದೆ ಕಟ್ಟುವ ಎರಡು ಪಟ್ಟಿಯದ್ದು ಕಿವಿಗೆ ಸಿಕ್ಕಿಸುವುದಕ್ಕಿಂತ ಬಿಗಿಯಾಗಿ ಕೂರುತ್ತದೆ. ಗಡ್ಡ ಇದ್ದರೆ ಪಕ್ಕದಿಂದ ಗಾಳಿ ನುಗ್ಗುತ್ತದೆ. ತೊಳೆಯಬೇಡಿ, ತೊಳೆದರೆ ಅದರ ನಾರಿನ ವಿದ್ಯುತ್ ಸೆಳೆತ ಹೋಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಹಾಕಬಾರದು, ಅವರನ್ನು ಒಳಗಿಡಿ.

ದಮ್ಮಿನವರು ಅಕ್ಟೋಬರ್‌ನಲ್ಲೇ ಡಾಕ್ಟರ ಹತ್ತಿರ ಹೋಗಿ, ಹೊಗೆ ದಿನ ಏನು ಮಾಡಬೇಕೆಂದು ಬರೆಸಿಕೊಂಡು ಬನ್ನಿ, ಇನ್ಹೇಲರಿನ ದಿನಾಂಕ ನೋಡಿ. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ಎದೆನೋವು, ತುಟಿ ನೀಲಿಯಾಗುವುದು, ಮಾತು ತೊದಲುವುದು ಕಂಡರೆ ಹಾಲಿನಲ್ಲಿ ಕೂರಿಸಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೊರಡಿ.

10. ಹೊಗೆ ಕಳೆದ ಮೇಲೆ

ಹೊರಗಿನ ಅಂಕ 30ರ ಹತ್ತಿರ ಬಂದ ಕೂಡಲೇ ಎದುರುಬದುರು ಕಿಟಕಿ ತೆರೆದು ಒಂದು ಗಂಟೆ ಗಾಳಿಯಾಡಲು ಬಿಡಿ. ಪರದೆ, ಹಾಸಿಗೆ ಹೊದಿಕೆ ಒಗೆಯಿರಿ, ಹೊಗೆ ಅವುಗಳಲ್ಲಿ ಕೂತಿರುತ್ತದೆ. ಎಸಿ ಜಾಲರಿ ತೊಳೆಯಿರಿ. ಡಬ್ಬದ ಫಿಲ್ಟರುಗಳು ಬೂದಿ ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ ಬದಲಿಸಿ, ಇಲ್ಲವಾದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಣ ಜಾಗದಲ್ಲಿಡಿ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದರೆ ಮುಂದಿನ ಚಳಿಗಾಲದಲ್ಲಿ ಅದನ್ನು ಬಳಸಬಾರದು. ಪ್ರತಿ ಫಿಲ್ಟರಿನ ಅಂಚಿನಲ್ಲಿ ಹಾಕಿದ ತಿಂಗಳನ್ನು ಮಾರ್ಕರಿನಲ್ಲಿ ಬರೆಯಿರಿ. ಹೊಸದು ಬೇಕಿದ್ದರೆ ಗಣೇಶ ಚತುರ್ಥಿ ಹೊತ್ತಿಗೇ ತರಿಸಿ.